ನಾಯಿಯ ಸ್ನಾನ: ಬಚ್ಚಲೋ, ಅಂಗಳವೋ?

ನಾಯಿಯನ್ನು ಎಲ್ಲಿ ಮೀಯಿಸಬೇಕು ಎಂಬುದನ್ನು ಹೆಚ್ಚಿನವರು ತೀರ್ಮಾನಿಸುವುದು ಅದರ ಮೈಮೇಲಿನ ಕೊಳೆ ನೋಡಿ. ಕೆಸರು ಮೆತ್ತಿಕೊಂಡಿದ್ದರೆ ಅಂಗಳ, ಬರೀ ವಾಸನೆ ಬರುತ್ತಿದ್ದರೆ ಬಚ್ಚಲು. ಇದು ಅರ್ಧ ಸರಿ. ಕೊಳೆ ತೆಗೆಯುವುದು ಸ್ನಾನದ ಸುಲಭದ ಭಾಗ. ನೀರು, ಶಾಂಪೂ, ಎರಡು ಕೈ ಇದ್ದರೆ ಅದು ಎಲ್ಲಿಯಾದರೂ ಆಗುತ್ತದೆ. ಕಷ್ಟದ ಕೆಲಸಗಳು ಎರಡು: ಹಚ್ಚಿದ ಶಾಂಪೂವನ್ನು ಪೂರ್ತಿ ತೊಳೆದು ತೆಗೆಯುವುದು, ಆಮೇಲೆ ಕೂದಲನ್ನು ಬುಡದವರೆಗೆ ಒಣಗಿಸುವುದು. ಮಿಂದ ಮರುದಿನ ಶುರುವಾಗುವ ತುರಿಕೆ, ಹೊಟ್ಟು, ಕಿವಿಯ ಸೋಂಕು ಇವೆಲ್ಲ ಹೆಚ್ಚಾಗಿ ಈ ಎರಡು ಕೆಲಸಗಳು ಅರೆಬರೆಯಾದುದರ ಫಲ. ಹಾಗಾಗಿ ಜಾಗ ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಬೆಚ್ಚಗಿನ ನೀರು ಎಲ್ಲಿ ಸಾಕಷ್ಟು ಸಿಗುತ್ತದೆ? ಒದ್ದೆ ನಾಯಿ ಮುಂದಿನ ಒಂದೆರಡು ಗಂಟೆ ಎಲ್ಲಿರುತ್ತದೆ?

ನನ್ನ ಒಲವು ಯಾವ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯ ದಿನದ ಸಾಮಾನ್ಯ ಸ್ನಾನಕ್ಕೆ ನನ್ನ ಮತ ಬಚ್ಚಲಿಗೆ. ಮೈತುಂಬ ಕೆಸರಾದ ನಾಯಿ, ಕೂದಲು ಉದುರುವ ಕಾಲದ ದಟ್ಟ ತುಪ್ಪಳದ ನಾಯಿ, ಬಚ್ಚಲಿನೊಳಗೆ ತಿರುಗಲೂ ಜಾಗ ಸಾಲದಷ್ಟು ದೊಡ್ಡ ನಾಯಿ, ಇವುಗಳಿಗೆ ಅಂಗಳವೇ ಮೇಲು. ಅದೂ ಬಿಸಿಲು ಹಿತವಾಗಿರುವ, ಗಾಳಿ ಬೀಸದ ಹೊತ್ತಿನಲ್ಲಿ. ಇದನ್ನು ಒಪ್ಪದವರಿಗೂ ತಮ್ಮ ಮನೆ, ತಮ್ಮ ನಾಯಿಗೆ ಹೊಂದುವ ತೀರ್ಮಾನಕ್ಕೆ ಬರಲು ಬೇಕಾದ ವಿವರಗಳು ಮುಂದಿವೆ.

ಸ್ನಾನವೇ ಬೇಕೇ?

ಒಳಗೋ ಹೊರಗೋ ಎಂದು ತಲೆಕೆಡಿಸಿಕೊಳ್ಳುವ ಮೊದಲು ಇನ್ನೊಂದು ಆಯ್ಕೆಯೂ ಇದೆ: ಮೀಯಿಸದೇ ಇರುವುದು. ಪಂಜಕ್ಕೆ ಮಾತ್ರ ಮಣ್ಣಾಗಿದ್ದರೆ ಪಂಜ ತೊಳೆದರೆ ಸಾಕು. ಹೊಟ್ಟೆಯ ಕೆಳಗೆ ಮಾತ್ರ ಕೊಳೆಯಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಒಣಗಿದ ಕೆಸರು ಬಾಚಿದರೆ ತಾನಾಗಿ ಉದುರುತ್ತದೆ. ಹಸಿಯಿರುವಾಗ ಉಜ್ಜಿದರೆ ಇನ್ನಷ್ಟು ಒಳಗಿಳಿಯುತ್ತದೆ. ನಾಯಿಯ ಚರ್ಮದ ಹೊರಪದರ ನಮ್ಮದಕ್ಕಿಂತ ತೆಳು. ಅದನ್ನು ಕಾಯುವುದು ಮೇಲಿರುವ ಎಣ್ಣೆಯಂಶ. ಪದೇ ಪದೇ ಶಾಂಪೂ ಬಿದ್ದರೆ ಆ ಎಣ್ಣೆ ಹೋಗಿ ಚರ್ಮ ಒಣಗುತ್ತದೆ, ಹೊಟ್ಟೇಳುತ್ತದೆ, ನಾಯಿ ಕೆರೆದುಕೊಳ್ಳತೊಡಗುತ್ತದೆ. ಕೆರೆಯುವುದನ್ನು ಕಂಡು 'ಕೊಳೆಯಾಗಿರಬೇಕು' ಎಂದು ಮತ್ತೆ ಮೀಯಿಸುವವರಿದ್ದಾರೆ. ಆರೋಗ್ಯವಂತ ನಾಯಿಗೆ ತಿಂಗಳಿಗೋ ಎರಡು ತಿಂಗಳಿಗೋ ಒಂದು ಸ್ನಾನ ಸಾಮಾನ್ಯವಾಗಿ ಸಾಕು. ಗಿಡ್ಡ ಕೂದಲಿನವು ಇನ್ನೂ ಹೆಚ್ಚು ದಿನ ತಡೆಯುತ್ತವೆ. ಚರ್ಮರೋಗಕ್ಕೆ ಪಶುವೈದ್ಯರು ವಾರಕ್ಕೊಮ್ಮೆ ಎಂದು ಬರೆದುಕೊಟ್ಟಿದ್ದರೆ ಆ ಮಾತು ಬೇರೆ.

ನೀರಿನ ಬಿಸಿ

ಎರಡು ಜಾಗಗಳ ನಡುವಿನ ದೊಡ್ಡ ವ್ಯತ್ಯಾಸ ಶುರುವಾಗುವುದು ಇಲ್ಲಿಂದ. ಬಚ್ಚಲಿನಲ್ಲಿ ಬಿಸಿನೀರು, ತಣ್ಣೀರು ಎರಡೂ ಕೈಗೆಟಕುತ್ತವೆ. ಉಗುರು ಬೆಚ್ಚಗೆ ಬೆರೆಸಿಕೊಂಡು, ಸ್ನಾನ ಮುಗಿಯುವವರೆಗೂ ಅದೇ ಹದ ಕಾಯ್ದುಕೊಳ್ಳಬಹುದು. ನಾಯಿಯ ಸಹಜ ಮೈಶಾಖ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ನೀರು ಅದಕ್ಕಿಂತ ತುಸು ಕಡಿಮೆಯಿದ್ದರೆ ಸರಿ. ಮುಂಗೈಯ ಒಳಭಾಗಕ್ಕೆ ಸುರಿದುಕೊಂಡಾಗ ಬಿಸಿಯೂ ಅನ್ನಿಸಬಾರದು, ತಂಪೂ ಅನ್ನಿಸಬಾರದು. ಚಳಿಯ ದಿನ ನಾವು ಹಿತವೆಂದು ಮೈಮೇಲೆ ಹಾಕಿಕೊಳ್ಳುವ ನೀರು ನಾಯಿಗೆ ಅತಿಯಾಗುತ್ತದೆ. ಪಂಜದ ಮೆತ್ತೆಗಳಲ್ಲಿ ಬಿಟ್ಟರೆ ನಾಯಿ ನಮ್ಮಂತೆ ಬೆವರುವುದಿಲ್ಲ. ಬಿಸಿಯಾದ ಮೈಯನ್ನು ತಣಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ ಏದುಸಿರು. ಬಾಗಿಲು ಮುಚ್ಚಿದ, ಹಬೆ ತುಂಬಿದ ಬಚ್ಚಲಿನಲ್ಲಿ ಆ ಏದುಸಿರೂ ಹೆಚ್ಚು ಕೆಲಸ ಮಾಡುವುದಿಲ್ಲ. ಒಳಗೆ ಮೀಯಿಸುವವರು ಕಿಟಕಿಯನ್ನು ತೆರೆದಿಡಬೇಕು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಯಾದರೆ ಇದನ್ನು ಮರೆಯಲೇಬಾರದು.

ಅಂಗಳದಲ್ಲಿ ನೀರು ಪೈಪಿನಿಂದ ಬರುತ್ತದೆ. ಪೈಪಿಗೆ ಎರಡು ದುರ್ಗುಣಗಳಿವೆ. ಬಿಸಿಲಿನಲ್ಲಿ ಬಿದ್ದಿದ್ದ ಪೈಪಿನೊಳಗೆ ನಿಂತ ನೀರು ಚರ್ಮ ಸುಡುವಷ್ಟು ಕಾದಿರುತ್ತದೆ. ನಲ್ಲಿ ತಿರುಗಿಸಿದೊಡನೆ ನಾಯಿಯ ಬೆನ್ನಿಗೆ ಹಿಡಿದರೆ ಬೊಬ್ಬೆ ಏಳಬಹುದು. ಆ ನೀರನ್ನು ಗಿಡದ ಮೇಲೂ ಬಿಡದೆ ನೆಲಕ್ಕೆ ಹರಿಯಗೊಟ್ಟು, ಕೈಯಲ್ಲಿ ಮುಟ್ಟಿ ನೋಡಿ ಆಮೇಲೆ ನಾಯಿಯ ಕಡೆ ತಿರುಗಿಸಬೇಕು. ಆ ನೀರು ಹರಿದುಹೋದ ಮೇಲೆ ಬರುವುದು ಪೂರ್ತಿ ತಣ್ಣಗಿನ ನೀರು. ಇದು ಎರಡನೆಯ ದುರ್ಗುಣ. ಸೆಕೆಯ ಮಧ್ಯಾಹ್ನ ಇದನ್ನು ಇಷ್ಟಪಡುವ ನಾಯಿಗಳಿವೆ, ನಿಜ. ಆದರೆ ತಣ್ಣೀರಿನಲ್ಲಿ ಜಿಡ್ಡು ಸಲೀಸಾಗಿ ಬಿಡುವುದಿಲ್ಲ, ನಾಯಿ ನಡುಗುತ್ತ ನಿಂತಿರುವಾಗ ತೊಳೆಯುವವರಿಗೂ ಅವಸರ ಹುಟ್ಟುತ್ತದೆ. ಅವಸರದಲ್ಲಿ ಶಾಂಪೂ ಮೈಯಲ್ಲೇ ಉಳಿಯುತ್ತದೆ. ಕೆಲವು ನಾಯಿಗಳಿಗೆ, ಬೇಟೆ ನಾಯಿಗಳ ತಳಿಗಳಲ್ಲಿ ಹೆಚ್ಚಾಗಿ, ತಣ್ಣೀರಿನಲ್ಲಿ ನೆನೆದ ಮೇಲೆ ಬಾಲದ ಬುಡದ ಸ್ನಾಯು ನೊಂದು ಬಾಲ ನೇತುಬೀಳುವುದೂ ಉಂಟು. ಕೆಲವು ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆಯಾದರೂ ಅಷ್ಟು ದಿನ ಬಾಲಕ್ಕೆ ನೋವು.

ಅಂಗಳವೇ ಬೇಕೆನ್ನುವವರು ಒಳಗಿನಿಂದ ಎರಡು ಮೂರು ಬಕೆಟ್ ಬೆಚ್ಚಗಿನ ನೀರು ತಂದಿಟ್ಟುಕೊಳ್ಳುವುದು ಒಳ್ಳೆಯದು. ಮೊದಲ ಕೆಸರಿಗೆ ಪೈಪು, ಶಾಂಪೂ ತೊಳೆಯಲು ಬಕೆಟ್ ಮತ್ತು ತಂಬಿಗೆ. ಹೊತ್ತು ತರುವುದು ಶ್ರಮವೇ. ಆ ಶ್ರಮ ಬೇಡ ಅನ್ನಿಸಿದರೆ ಬಚ್ಚಲೇ ಸರಿ ಎಂದು ಅರ್ಥ. ಮರಿಗೆ, ಮುದಿ ನಾಯಿಗೆ, ಕಾಯಿಲೆಯಿಂದ ಎದ್ದ ನಾಯಿಗೆ ಹೊರಗಿನ ತಣ್ಣೀರು ಬೇಡವೇ ಬೇಡ.

ಪೈಪಿನ ಬಗ್ಗೆ ಇನ್ನೊಂದು ಮಾತು. ನೀರಿನ ಧಾರೆಯನ್ನು ಕಚ್ಚುತ್ತ, ನುಂಗುತ್ತ ಆಡುವ ನಾಯಿಗಳಿವೆ. ನೋಡಲು ತಮಾಷೆಯಾಗಿರುತ್ತದೆ, ಯಾರಾದರೂ ಮೊಬೈಲ್‌ನಲ್ಲಿ ಹಿಡಿಯುತ್ತಲೂ ಇರುತ್ತಾರೆ. ಆದರೆ ಹೀಗೆ ಒಂದೇ ಸಮನೆ ನೀರು ಒಳಗೆ ಹೋದರೆ ರಕ್ತದಲ್ಲಿನ ಸೋಡಿಯಂ ಪ್ರಮಾಣ ಇಳಿದು, ತೂರಾಟ, ವಾಂತಿ, ಸೆಳೆತದವರೆಗೂ ಹೋಗಬಹುದು. ಜೀವಕ್ಕೇ ಅಪಾಯ. ಇಂಥ ನಾಯಿಗೆ ಧಾರೆ ತೋರಿಸದೆ, ಪೈಪಿನ ಬಾಯಿಯನ್ನು ಅದರ ಮೈಗೆ ತಾಗಿಸಿಯೇ ಹಿಡಿದು ತೊಳೆಯಬೇಕು.

ತೊಳೆಯುವುದು, ನೋಡುವುದು

ಒಂದು ವಿಷಯದಲ್ಲಿ ಅಂಗಳಕ್ಕೆ ಎದುರಿಲ್ಲ. ಬೆಳಕು. ಬಚ್ಚಲಿನ ಒಂಟಿ ದೀಪದಡಿ, ನಮ್ಮದೇ ನೆರಳು ಬಿದ್ದ ನಾಯಿಯ ಹೊಟ್ಟೆಯಲ್ಲಿ ಏನೂ ಕಾಣುವುದಿಲ್ಲ. ಹಗಲು ಬೆಳಕಿನಲ್ಲಿ ಕೂದಲು ಬಿಡಿಸಿ ನೋಡಿದರೆ ಚರ್ಮದ ಕೆಂಪು, ಚಿಕ್ಕ ಗಂಟು, ಕಿವಿಯ ಹಿಂದೆ ಅಂಟಿಕೊಂಡ ಉಣುಗು, ಚಿಗಟಗಳ ಹಿಕ್ಕೆಯ ಕರಿ ಚುಕ್ಕಿ ಎಲ್ಲ ಕಾಣುತ್ತವೆ. ಆ ಕರಿ ಚುಕ್ಕಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿದಾಗ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಕೆಲಸವೇ. ಮಣ್ಣಾಗಿದ್ದರೆ ಬಣ್ಣ ಬಿಡುವುದಿಲ್ಲ. ಉಣುಗು ಕಂಡರೆ ಚಿಮಟದಲ್ಲಿ ಚರ್ಮಕ್ಕೆ ತೀರ ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆದು ತೆಗೆಯಬೇಕು. ಸ್ನಾನದ ನೀರಿಗೆ ಅದು ಬಿದ್ದುಹೋಗುತ್ತದೆ ಎಂದು ಕಾಯುವುದು ವ್ಯರ್ಥ. ಒಳಗೆ ಮೀಯಿಸುವ ಮನೆಯವರೂ ಈ ತಪಾಸಣೆಯನ್ನು ಬಾಗಿಲ ಹೊರಗೆ, ಹಗಲಿನಲ್ಲಿ ಮಾಡಿ ಮುಗಿಸುವುದು ಜಾಣತನ.

ಬಾಚುವ ಕೆಲಸಕ್ಕೂ ಹೊರಗೇ ಸರಿ. ಸಿಕ್ಕುಗಟ್ಟಿದ ಕೂದಲಿಗೆ ನೀರು ಬಿದ್ದೊಡನೆ ಗಂಟು ಇನ್ನಷ್ಟು ಬಿಗಿಯುತ್ತದೆ. ಅದರೊಳಗೆ ಹೋದ ಶಾಂಪೂ ಹೊರಗೆ ಬರುವುದಿಲ್ಲ, ನೀರು ಒಣಗುವುದಿಲ್ಲ. ಆದ್ದರಿಂದ ಬಾಚಣಿಗೆ ಮೊದಲು, ತಂಬಿಗೆ ಆಮೇಲೆ.

ತೊಳೆಯುವುದಕ್ಕೆ ಬಂದರೆ, ಕೈಯಲ್ಲಿ ಹಿಡಿಯುವ ಶವರ್ ಇರುವ ಬಚ್ಚಲನ್ನು ಮೀರಿಸುವುದು ಕಷ್ಟ. ಶವರಿನ ಬಾಯಿಯನ್ನು ಕೂದಲೊಳಗೆ ತೂರಿಸಿ ಚರ್ಮಕ್ಕೆ ತಾಗಿಸಿ ಹಿಡಿದರೆ ನೀರು ಬುಡಕ್ಕೇ ಹೋಗುತ್ತದೆ, ಸದ್ದೂ ಅಡಗುತ್ತದೆ. ಬರೀ ಬಕೆಟ್ಟು, ತಂಬಿಗೆ ಇರುವ ಬಚ್ಚಲಾದರೆ ದಟ್ಟ ಕೂದಲಿನ ನಾಯಿಯನ್ನು ತೊಳೆಯಲು ಬಕೆಟ್ ಮೇಲೆ ಬಕೆಟ್ ಬೇಕಾಗುತ್ತದೆ. ಅಲ್ಲಿ ಅಂಗಳದ ಪೈಪು ಗೆಲ್ಲುತ್ತದೆ. ಆದರೆ ಪೈಪಿನ ತುದಿಗೆ ಹಾಕುವ ಬಿರುಸು ಧಾರೆಯ ನಳಿಕೆ ನಾಯಿಗಲ್ಲ, ವಾಹನ ತೊಳೆಯುವುದಕ್ಕೆ. ಮಳೆಹನಿಯಂತೆ ಚದುರಿ ಬೀಳುವ ನಳಿಕೆ ಇದ್ದರೆ ಮಾತ್ರ ಬಳಸಿ, ಇಲ್ಲವಾದರೆ ಪೈಪಿನ ಬರಿಬಾಯಿಯೇ ಮೇಲು.

ಕ್ರಮ ಎಲ್ಲಿಯಾದರೂ ಒಂದೇ. ನೆನೆಸುವುದು ಕಾಲಿನಿಂದ ಶುರುವಾಗಿ ಮೇಲಕ್ಕೆ. ಹಾಗೆ ಮಾಡಿದರೆ ನಾಯಿ ಬೆಚ್ಚುವುದಿಲ್ಲ. ತಲೆ ಎಲ್ಲಕ್ಕಿಂತ ಕೊನೆಗೆ, ಅದೂ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚಿಗಟ ಇದ್ದರೆ ಮಾತ್ರ ಈ ಕ್ರಮ ತಲೆಕೆಳಗು: ಮೊದಲು ಕೊರಳ ಸುತ್ತ ನೊರೆಯ ಪಟ್ಟಿ ಕಟ್ಟಬೇಕು, ಇಲ್ಲದಿದ್ದರೆ ಮೈಯೆಲ್ಲ ಒದ್ದೆಯಾಗುತ್ತಿದ್ದಂತೆ ಚಿಗಟಗಳೆಲ್ಲ ಕಿವಿ ಕಣ್ಣುಗಳ ಕಡೆ ಓಡುತ್ತವೆ. ಶಾಂಪೂ ತೊಳೆಯುವುದು ಮೇಲಿನಿಂದ ಕೆಳಕ್ಕೆ. ನೀರು ತಿಳಿಯಾಗಿ ಹರಿಯಿತು ಎಂದ ಮಾತ್ರಕ್ಕೆ ಮುಗಿಯಲಿಲ್ಲ. ಮುಂಗಾಲಿನ ಕಂಕುಳು, ತೊಡೆಸಂದು, ಬಾಲದ ಬುಡ, ಬೆರಳುಗಳ ಸಂದು, ಎದೆಯ ದಟ್ಟ ಕೂದಲು ಇಲ್ಲಿಗೆಲ್ಲ ಹೆಬ್ಬೆರಳು ಹಾಕಿ ಚರ್ಮದ ಮೇಲೆ ಉಜ್ಜಿ ನೋಡಬೇಕು. ಜಾರಿದರೆ ಶಾಂಪೂ ಇನ್ನೂ ಇದೆ. ಬೆರಳು ತಡೆದು, ಕೂದಲು ಕಿರುಗುಟ್ಟಿದರೆ ಹೋಗಿದೆ. ಹಚ್ಚಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ತೊಳೆಯಲು ಹಿಡಿಯಿತೆಂದರೆ ಸರಿಯಾಗಿ ನಡೆದಿದೆ ಎಂದುಕೊಳ್ಳಿ.

ಔಷಧಿ ಶಾಂಪೂ ಆಗಿದ್ದರೆ ಅಂಗಳದ ಮಾತೇ ಬೇಡ. ಅಂಥವು ಕೆಲಸ ಮಾಡಲು ಸಾಮಾನ್ಯವಾಗಿ 10 ನಿಮಿಷ ಮೈಮೇಲಿರಬೇಕು. ಅಷ್ಟು ಹೊತ್ತು ನೊರೆ ಮೆತ್ತಿದ ನಾಯಿಯನ್ನು ಗಾಳಿಯಲ್ಲಿ ನಿಲ್ಲಿಸಿಕೊಂಡಿರುವುದು ನಾಯಿಗೂ ಶಿಕ್ಷೆ, ನಿಮಗೂ ಶಿಕ್ಷೆ. ಬಾಗಿಲು ಹಾಕಿದ ಬಚ್ಚಲಿನಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು, ಮಾತನಾಡಿಸುತ್ತ, ಗಡಿಯಾರ ನೋಡುತ್ತ ಇರಬಹುದು. ನೆಕ್ಕದಂತೆ ಕಣ್ಣಿಡಬೇಕು, ಅಷ್ಟೇ.

ಒಣಗಿಸುವುದು

2012ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಒದ್ದೆಯಾದ ಪ್ರಾಣಿಗಳು ಮೈ ಕೊಡವುವುದನ್ನು ಅಳೆದು ನೋಡಿದರು. ಪ್ರಾಣಿ ಚಿಕ್ಕದಾದಷ್ಟೂ ಕೊಡವುವ ವೇಗ ಹೆಚ್ಚು. ನಾಯಿಯೊಂದು ಕೆಲವೇ ಕ್ಷಣಗಳಲ್ಲಿ ತುಪ್ಪಳದಲ್ಲಿನ ಸುಮಾರು ಶೇ 70ರಷ್ಟು ನೀರನ್ನು ಚಿಮ್ಮಿಸಿಬಿಡುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಇಷ್ಟು ಒಳ್ಳೆಯ ಯಂತ್ರವನ್ನು ಹೊತ್ತು ತಿರುಗುವ ಪ್ರಾಣಿಯನ್ನು ಗೋಡೆ, ಕನ್ನಡಿ, ಬಟ್ಟೆಗಳಿರುವ ಕೋಣೆಯಲ್ಲಿ ನಿಲ್ಲಿಸಿ 'ಕೊಡವಬೇಡ' ಎನ್ನುವುದು ಅನ್ಯಾಯ. ಈ ಲೆಕ್ಕದಲ್ಲಿ ಅಂಗಳಕ್ಕೆ ಪೂರ್ಣಾಂಕ. ಬಚ್ಚಲಿನಲ್ಲಿ ಕೊಡವುವುದನ್ನು ತಡೆಯಬೇಕಾದ ಕ್ಷಣಗಳೂ ಇರುತ್ತವೆ, ಮೈಯೆಲ್ಲ ನೊರೆಯಿರುವಾಗ ಹೇಗೂ. ಕೊಡವುವಿಕೆ ತಲೆಯಿಂದ ಶುರುವಾಗಿ ಬಾಲದ ಕಡೆ ಸಾಗುತ್ತದೆ. ತಲೆ ತಿರುಗತೊಡಗಿದ ಕೂಡಲೇ ಮೂತಿಯ ಮೇಲೋ ಕಿವಿಯ ಬುಡದಲ್ಲೋ ಕೈಯನ್ನು ಮೆಲ್ಲಗೆ ಇಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. ತೊಳೆದು ಮುಗಿದ ಮೇಲೆ ಕೈ ತೆಗೆದು, ಹಿಂದೆ ಸರಿದು, ಅದರ ಹಕ್ಕನ್ನು ಅದಕ್ಕೆ ಬಿಟ್ಟುಕೊಡಿ.

ಉಳಿದ ಶೇ 30ರದ್ದೇ ತೊಂದರೆ. ಅದು ಇರುವುದು ಒಳಪದರದಲ್ಲಿ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಹಸ್ಕಿ, ಪೊಮೆರೇನಿಯನ್ ಇವಕ್ಕೆಲ್ಲ ಮೇಲೆ ಒರಟು ಕೂದಲು, ಅದರಡಿ ಹತ್ತಿಯಂಥ ಮೆತ್ತನೆಯ ಕೂದಲು. ಮೇಲ್ಕೂದಲು ಬೇಗ ಒಣಗಿ, ಮುಟ್ಟಿದವರಿಗೆ ನಾಯಿ ಒಣಗಿತು ಅನ್ನಿಸುತ್ತದೆ. ಒಳಗೆ ಗಂಟೆಗಟ್ಟಲೆ ತೇವ ಉಳಿದಿರುತ್ತದೆ. ಆ ತೇವವೂ ಮೈಯ ಬಿಸಿಯೂ ಸೇರಿದರೆ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ. ನಾಯಿ ಆ ಜಾಗವನ್ನು ನೆಕ್ಕಿ ಕಚ್ಚಿ, ರಾತ್ರಿ ಕಳೆಯುವಷ್ಟರಲ್ಲಿ ಕೂದಲು ಉದುರಿದ, ಕೆಂಪಗೆ ಒಸರುವ ಗಾಯ ಎದ್ದಿರುತ್ತದೆ. ಹಾಟ್ ಸ್ಪಾಟ್ ಎನ್ನುವುದು ಇದನ್ನೇ.

'ಬಿಸಿಲಿಗೆ ಬಿಟ್ಟರೆ ಒಣಗುತ್ತದೆ' ಎಂಬ ನಂಬಿಕೆಯ ಮೇಲೆ ಅಂಗಳದ ಸ್ನಾನ ನಿಂತಿದೆ. ಗಿಡ್ಡ ಕೂದಲಿನ ನಾಯಿಯ ಮಟ್ಟಿಗೆ ಅದು ನಿಜ. ದಟ್ಟ ತುಪ್ಪಳದ ನಾಯಿಯ ಮಟ್ಟಿಗೆ ಬಿಸಿಲೊಂದೇ ಸಾಲದು. ಟವೆಲ್‌ನಲ್ಲಿ ಒತ್ತಿ ಒತ್ತಿ ನೀರು ಹೀರಿಸಿ, ಕೂದಲನ್ನು ಪದರ ಪದರವಾಗಿ ಬಿಡಿಸಿ ಗಾಳಿಯಾಡಿಸಬೇಕು. ಜೊತೆಗೆ ಗಾಳಿ ಬೀಸುತ್ತಿದ್ದರೆ ಒದ್ದೆ ಮೈ ಬೇಗನೆ ತಣ್ಣಗಾಗುತ್ತದೆ. ಬಿಸಿಲಿದ್ದರೂ ಚಿಕ್ಕ ನಾಯಿ, ತೆಳ್ಳಗಿನ ನಾಯಿ ನಡುಗತೊಡಗುತ್ತವೆ. ಸಂಜೆ ಹೊತ್ತು ಹೊರಗೆ ಮೀಯಿಸಿ, ಒದ್ದೆ ಮೈಯಲ್ಲೇ ರಾತ್ರಿಗೆ ಬಿಡುವುದಂತೂ ಕೂಡದು.

ಅಂಗಳಕ್ಕೆ ಇನ್ನೊಂದು ಶತ್ರುವೂ ಇದೆ, ಅದು ನಾಯಿಯ ಉತ್ಸಾಹ. ಸ್ನಾನ ಮುಗಿದೊಡನೆ ಕಿವಿ ಹಿಂದಕ್ಕೆ ಮಡಚಿ, ಹಿಂಗಾಲು ಮುಂಗಾಲಿಗೆ ತಾಗುವಂತೆ ಸುತ್ತು ಹೊಡೆಯುವುದು ಅನೇಕ ನಾಯಿಗಳ ಅಭ್ಯಾಸ. ಆ ಓಟ ಮುಗಿಯುವುದು ಸಾಮಾನ್ಯವಾಗಿ ಮಣ್ಣಿನಲ್ಲಿ ಹೊರಳಾಡುವುದರೊಂದಿಗೆ. ಶಾಂಪೂವಿನ ಸುವಾಸನೆ ನಮಗೆ ಹಿತ, ಅದಕ್ಕೆ ಅಪರಿಚಿತ. ಒರೆಸಿಕೊಳ್ಳಲು ಕೈಗೆ ಸಿಕ್ಕದ್ದು ಮಣ್ಣು. ಹೊರಗೆ ಮೀಯಿಸುವುದಾದರೆ ಕಲ್ಲು ಹಾಸಿನ, ಹುಲ್ಲಿನ ಅಥವಾ ಸಿಮೆಂಟಿನ ನೆಲ ಬೇಕು. ಒಣಗುವವರೆಗೂ ಹಗ್ಗ ನಿಮ್ಮ ಕೈಯಲ್ಲಿರಬೇಕು. ಕಲ್ಲೂ ಸಿಮೆಂಟೂ ಮಧ್ಯಾಹ್ನ ಪಂಜ ಸುಡುವಷ್ಟು ಕಾಯುತ್ತವೆ ಎಂಬುದನ್ನೂ ಗಮನಿಸಿ. ನಿಮ್ಮ ಬರಿಗಾಲು ನಿಲ್ಲಲಾಗದ ನೆಲದಲ್ಲಿ ಅದನ್ನು ನಿಲ್ಲಿಸಬೇಡಿ.

ಒಳಗೆ ಬಾಗಿಲು ಮುಚ್ಚಿದರೆ ಈ ರಗಳೆ ಇಲ್ಲ. ಎರಡು ಒಣ ಟವೆಲ್, ಒಂದು ಫ್ಯಾನ್, ಬೇಕಿದ್ದರೆ ಹೇರ್ ಡ್ರೈಯರ್. ಡ್ರೈಯರನ್ನು ತಂಪು ಗಾಳಿಗೆ ಅಥವಾ ಕನಿಷ್ಠ ಬಿಸಿಗೆ ಇಟ್ಟು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತ, ನಿಮ್ಮ ಕೈಯನ್ನು ಆ ಗಾಳಿಯ ದಾರಿಯಲ್ಲಿಟ್ಟುಕೊಂಡು ಬಳಸಿ. ನಿಮ್ಮ ಕೈಗೆ ಚುರುಕು ಮುಟ್ಟಿದರೆ ಅದರ ಚರ್ಮಕ್ಕೂ ಮುಟ್ಟಿದೆ. ಗೂಡಿನೊಳಗೆ ನಾಯಿಯನ್ನು ಕೂಡಿ ಹಾಕಿ ಬಿಸಿ ಡ್ರೈಯರ್ ತಿರುಗಿಸಿಟ್ಟು ಹೋಗುವುದು ಕೊಲೆಗೆ ಸಮ. ಡ್ರೈಯರ್ ಬಳಸುವ ಜಾಗದಲ್ಲಿ ನೆಲ ಒಣಗಿರಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬಚ್ಚಲಿನಿಂದ ಹೊರತಂದು ಒಣಗಿದ ನೆಲದ ಕೋಣೆಯಲ್ಲಿ ಮಾಡುವ ಕೆಲಸ ಅದು.

ನಾಯಿಗೆ ಎಲ್ಲಿ ನೆಮ್ಮದಿ?

ನಾಯಿ ಸ್ನಾನಕ್ಕೆ ಹೆದರುತ್ತದೆ ಎನ್ನುತ್ತೇವೆ. ಹಲವು ಸಲ ಅದು ಹೆದರುವುದು ನೀರಿಗಲ್ಲ, ಕಾಲಡಿಯ ಜಾರಿಕೆಗೆ. ನಯವಾದ ಟೈಲ್ಸ್ ಮೇಲೆ, ಟಬ್ಬಿನೊಳಗೆ ಉಗುರು ಹಿಡಿತ ಸಿಗದೆ ನಾಲ್ಕೂ ಕಾಲು ನಾಲ್ಕು ಕಡೆ ಹೋಗುತ್ತವೆ. ಅದರ ಬೆನ್ನು ಬಿಗಿಯುತ್ತದೆ, ಕಣ್ಣಿನ ಬಿಳಿ ಕಾಣತೊಡಗುತ್ತದೆ, ಸುಮ್ಮಸುಮ್ಮನೆ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಕೀಲುನೋವಿನ ಮುದಿ ನಾಯಿಗೆ ಇದು ಇನ್ನೂ ಯಾತನೆ. ಒಂದು ರಬ್ಬರ್ ಚಾಪೆ ಹಾಸಿದರೆ, ಅದಿಲ್ಲದಿದ್ದರೆ ಹಳೆಯ ಒದ್ದೆ ಟವೆಲ್ ಹರಡಿದರೆ, ಅರ್ಧ ಗಲಾಟೆ ನಿಲ್ಲುತ್ತದೆ. ಬಚ್ಚಲಿನ ಗೋಡೆಗಳಿಗೆ ಬಡಿದು ಮರಳುವ ನೀರಿನ ಸದ್ದೂ ಅದಕ್ಕೆ ಕಿರಿಕಿರಿಯೇ. ನಾಯಿ ಒಳಗೆ ಬರುವ ಮುನ್ನವೇ ಬಕೆಟ್ ತುಂಬಿಸಿಟ್ಟುಕೊಂಡರೆ ಅದೂ ಕಡಿಮೆಯಾಗುತ್ತದೆ.

ಅಂಗಳದ ನೆಲ ಜಾರುವುದು ಕಡಿಮೆ. ಆದರೆ ಹೊರಗೆ ಹಕ್ಕಿ, ಬೆಕ್ಕು, ದಾರಿಹೋಕರು, ಪಕ್ಕದ ಮನೆಯ ನಾಯಿ ಎಲ್ಲ ಇರುತ್ತವೆ. ಗೇಟು ಅರೆತೆರೆದಿದ್ದರೆ ನೊರೆ ಸಮೇತ ರಸ್ತೆಗೆ ಓಡುವ ಸಾಧ್ಯತೆಯೂ ಇದೆ. ಒದ್ದೆಯಾದ, ಶಾಂಪೂ ಹತ್ತಿದ ನಾಯಿಯನ್ನು ಹಿಡಿದಿಡುವುದು ಯಾರ ಕೈಲೂ ಆಗದು. ಸ್ನಾನಕ್ಕೆ ನೈಲಾನಿನ ಕೊರಳಪಟ್ಟಿಯೇ ಸರಿ. ಚರ್ಮದ್ದು ಒದ್ದೆಯಾದರೆ ಬಣ್ಣ ಬಿಡುತ್ತದೆ, ಹಾಳೂ ಆಗುತ್ತದೆ. ಎಳೆದಷ್ಟೂ ಬಿಗಿಯುವ ಸರಪಳಿ ಬೇಡ. ಕಂಬಕ್ಕೆ ಕಟ್ಟಿ ಟವೆಲ್ ತರಲು ಒಳಗೆ ಹೋಗುವ ಅಭ್ಯಾಸವೂ ಬೇಡ; ಬೇಕಾದುದೆಲ್ಲ ಮೊದಲೇ ಕೈಯಳತೆಯಲ್ಲಿರಲಿ. ಅಪರಿಚಿತರನ್ನು ಕಂಡರೆ ಸಿಡುಕುವ, ಅಥವಾ ಪಟಾಕಿಯಂಥ ಸದ್ದಿಗೆ ಬೆದರುವ ನಾಯಿಯಾಗಿದ್ದರೆ ಬೇರೇನನ್ನೂ ಯೋಚಿಸದೆ ಒಳಗೆ ಮೀಯಿಸಿ.

ನಿಮ್ಮ ಬೆನ್ನು, ನಿಮ್ಮ ಚರಂಡಿ

ಟಬ್ಬಿಗೆ ನಾಯಿಯನ್ನು ಎತ್ತಿ ಇಳಿಸುವುದರಲ್ಲಿ ಎಷ್ಟೋ ಜನರ ಬೆನ್ನು ಹಿಡಿದುಕೊಂಡಿದೆ. 20 ಕಿಲೋ ದಾಟಿದ ನಾಯಿಯನ್ನು ಒಬ್ಬರೇ ಎತ್ತುವುದು ಬೇಡ. ಒದ್ದೆಯಾದ ಮೇಲಂತೂ ಅದು ಭಾರವೂ ಹೌದು, ಜಾರುವುದೂ ಹೌದು. ನೆಲಮಟ್ಟದ ಬಚ್ಚಲಾದರೆ ಈ ಚಿಂತೆಯಿಲ್ಲ, ಮೊಣಕಾಲಿಗೆ ಮಾತ್ರ ಮೆತ್ತನೆಯದೇನಾದರೂ ಬೇಕು. ಚಿಕ್ಕ ನಾಯಿಯಾದರೆ ತದ್ವಿರುದ್ಧ: ಅಂಗಳದಲ್ಲಿ ಬಗ್ಗಿ ನಿಲ್ಲುವುದಕ್ಕಿಂತ ಎತ್ತರದ ಸಿಂಕ್ ಒಂದರಲ್ಲಿ ನಿಲ್ಲಿಸಿ ಮೀಯಿಸುವುದು ಎಲ್ಲರಿಗೂ ಸಲೀಸು. ಅಲ್ಲಿಂದ ಹಾರದಂತೆ ಒಂದು ಕೈ ಸದಾ ಅದರ ಮೇಲಿರಲಿ.

ಕೂದಲು ಬಚ್ಚಲಿನ ಪರಮ ವೈರಿ. ನೀರು ಹೋಗುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇಡದೆ ಲ್ಯಾಬ್ರಡಾರನ್ನು ಮೀಯಿಸಿದವರು ಪ್ಲಂಬರನ್ನು ಕರೆಯುವ ಸಿದ್ಧತೆಯಲ್ಲಿರಬೇಕು. ಮುಗಿದ ಮೇಲೆ ನೆಲ, ಗೋಡೆ, ಟಬ್ಬು ಉಜ್ಜಿ ತೊಳೆಯುವ ಕೆಲಸವೂ ಬಚ್ಚಲಿನ ಲೆಕ್ಕಕ್ಕೇ ಸೇರುತ್ತದೆ. ನಾಯಿಗೆ ಹುಳುಕಡ್ಡಿಯಂಥ, ಮನುಷ್ಯರಿಗೂ ಅಂಟುವ ಚರ್ಮರೋಗ ಇದ್ದರೆ ಸೋಂಕುನಾಶಕ ಹಾಕಿಯೇ ತೊಳೆಯಬೇಕು. ಅಂಗಳದಲ್ಲಿ ಇದಾವುದೂ ಇಲ್ಲ ಎಂದು ಕಂಡರೂ, ನೊರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನೋಡಿ. ಚಿಗಟ, ಉಣುಗು ಕೊಲ್ಲುವ ಅನೇಕ ಶಾಂಪೂಗಳಲ್ಲಿರುವ ಪೈರೆಥ್ರಾಯಿಡ್ ವರ್ಗದ ಕೀಟನಾಶಕಗಳು ಮೀನುಗಳಿಗೆ ವಿಷ. ಅವುಗಳಲ್ಲಿ ಪರ್ಮೆಥ್ರಿನ್ ಬೆಕ್ಕಿಗೂ ಮಾರಕ. ಆ ನೀರು ಕೆರೆ, ಹಳ್ಳಗಳ ಕಡೆ ಹರಿಯುವಂತಿದ್ದರೆ ಅಂಥ ಶಾಂಪೂವಿನ ಸ್ನಾನ ಒಳಗೇ ಆಗಲಿ. ಮನೆಯಲ್ಲಿ ಬೆಕ್ಕೂ ಇದ್ದರೆ ನಾಯಿ ಪೂರ್ತಿ ಒಣಗುವವರೆಗೆ ಎರಡನ್ನೂ ದೂರ ಇಡಬೇಕು.

ಎರಡನ್ನೂ ಸೇರಿಸಿದರೆ

ಇಷ್ಟು ತೂಗಿ ನೋಡಿದ ಮೇಲೆ, ಅಂಗಳವೂ ಬಚ್ಚಲೂ ಇರುವವರು ಒಂದನ್ನೇ ಆರಿಸಬೇಕೆಂದೇನಿಲ್ಲ. ಬಾಚುವುದು, ಉಣುಗು ಹುಡುಕುವುದು, ಕಾಲು ಹೊಟ್ಟೆಗಳ ದಪ್ಪ ಕೆಸರು ಕಳೆಯುವುದು ಹೊರಗೆ. ಬೆಚ್ಚಗಿನ ನೀರು, ಶಾಂಪೂ, ತೊಳೆಯುವುದು ಒಳಗೆ. ಕೊಡವಲು ಮತ್ತೆ ಬಾಗಿಲಾಚೆ, ಹಗ್ಗ ಹಿಡಿದುಕೊಂಡು. ಒಣಗಿಸಲು ಒಳಗೆ. ಬಚ್ಚಲಿನಿಂದ ಹೊರಬಾಗಿಲಿಗೆ ನೇರ ದಾರಿಯಿದ್ದು, ಆ ದಾರಿಗೆ ಹಳೆಯ ಚಾದರ ಹಾಸಿದ್ದರೆ ಇದು ಹೇಳಿದಷ್ಟು ಪ್ರಯಾಸದ್ದಲ್ಲ. ದಾರಿಯಲ್ಲಿ ಸೋಫಾ ಇದ್ದರೆ ಮಾತ್ರ ಯೋಚಿಸಿ. ಒದ್ದೆ ನಾಯಿಗೆ ಸೋಫಾ ಎಂದರೆ ಟವೆಲ್.

ಅಂಗಳವಿಲ್ಲದವರು ಬಾಚುವುದನ್ನು ಬಾಲ್ಕನಿಯಲ್ಲಿ ಮಾಡಿ, ಉಳಿದುದನ್ನು ಒಳಗೆ ಮುಗಿಸಿದರೆ ಏನೂ ಕಳೆದುಕೊಂಡಂತಾಗುವುದಿಲ್ಲ. ಬಚ್ಚಲು ಇಕ್ಕಟ್ಟಾಗಿದ್ದು ಅಂಗಳ ಮಾತ್ರ ಇರುವವರು ಬೆಚ್ಚಗಿನ ನೀರಿನ ಬಕೆಟ್, ಗಾಳಿಗೆ ಮರೆಯಾದ ಮೂಲೆ, ಮಧ್ಯಾಹ್ನಕ್ಕೆ ಮುಂಚಿನ ಹೊತ್ತು ಈ ಮೂರನ್ನು ಬಿಡದಿದ್ದರೆ ಸಾಕು.

ಎಲ್ಲಿ ಮೀಯಿಸಿದರೂ

ನಮ್ಮ ಶಾಂಪೂ ನಾಯಿಗೆ ಬೇಡ. ಮನುಷ್ಯರ ಚರ್ಮ ಆಮ್ಲೀಯ, ಅದರ ಪಿಎಚ್ ಸುಮಾರು 5.5, ನಾಯಿಯದು ತಟಸ್ಥಕ್ಕೆ ಹತ್ತಿರ. ಟೀ ಟ್ರೀ ಎಣ್ಣೆ ಸಹಜವಾದದ್ದು ಎಂದು ನೀರಿಗೆ ಬೆರೆಸುವವರಿದ್ದಾರೆ. ಅದು ನಾಯಿಗೆ ವಿಷ. ಕಿವಿಯೊಳಗಿನ ನಾಳ ನೇರವಾಗಿಲ್ಲ, ಕೆಳಗಿಳಿದು ಒಳಕ್ಕೆ ತಿರುಗುತ್ತದೆ. ಒಳಗೆ ಹೋದ ನೀರು ಅಲ್ಲೇ ನಿಂತು ಸೋಂಕಿಗೆ ದಾರಿ ಮಾಡುತ್ತದೆ. ಆದ್ದರಿಂದ ಕಿವಿಗೆ ನೀರು ಬೀಳದಂತೆ ನೋಡಿಕೊಂಡು, ಮುಗಿದ ಮೇಲೆ ಹೊರಭಾಗವನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಹತ್ತಿ ಇಡುವುದಾದರೆ ದೊಡ್ಡ ಉಂಡೆ ಇಡಿ, ತೆಗೆಯಲು ಮರೆಯಬೇಡಿ. ಪಗ್ ಮುಖದ ಮಡಿಕೆ, ಬುಲ್‌ಡಾಗ್ ಬಾಲದ ಕೆಳಗಿನ ಗುಳಿ ಒಣಗಿದೆಯೇ ಎಂದು ಬೆರಳು ಹಾಕಿ ನೋಡಬೇಕು. ಚಿಗಟಕ್ಕೆಂದು ಕತ್ತಿನ ಹಿಂದೆ ಹನಿಸುವ ಔಷಧಿ ಹಾಕುವ ಮನೆಗಳಲ್ಲಿ ಅದಕ್ಕೂ ಸ್ನಾನಕ್ಕೂ ನಡುವೆ ಅಂತರ ಇರಬೇಕು. ಅನೇಕ ಔಷಧಿಗಳಿಗೆ ಹಿಂದೆಯೂ ಮುಂದೆಯೂ 48 ಗಂಟೆ. ನಿಮ್ಮಲ್ಲಿರುವುದಕ್ಕೆ ಎಷ್ಟೆಂದು ಅದರ ಪೊಟ್ಟಣದ ಮೇಲೇ ಬರೆದಿರುತ್ತದೆ.

ಕೊನೆಯದೊಂದು, ಅಷ್ಟಾಗಿ ಯಾರೂ ಹೇಳದ ಸಂಗತಿ. ಶಾಂಪೂವನ್ನು ನೀರಿಗೆ ಬೆರೆಸಿ ಹಚ್ಚುವುದು ಒಳ್ಳೆಯ ಅಭ್ಯಾಸ. ಚೆನ್ನಾಗಿ ಹರಡುತ್ತದೆ, ಬೇಗ ತೊಳೆದುಹೋಗುತ್ತದೆ. ಆದರೆ ಬೆರೆಸಿದ್ದು ಉಳಿದರೆ ಮುಂದಿನ ಸಲಕ್ಕೆಂದು ಬಾಟಲಿಯಲ್ಲಿಟ್ಟುಕೊಳ್ಳಬೇಡಿ, ಚೆಲ್ಲಿಬಿಡಿ. ನೀರು ಬೆರೆತ ಶಾಂಪೂವಿನಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಕೂದಲಿನ ದಿಕ್ಕಿಗೆ ಎದುರಾಗಿ ಗಸಗಸ ಉಜ್ಜಿದಾಗ ಅದು ಕೂದಲಿನ ಬುಡಕ್ಕೆ ಇಳಿಯುತ್ತದೆ. ಒಂದೆರಡು ದಿನಗಳಲ್ಲಿ ಬೆನ್ನಿನ ಮೇಲೆ ತೀರ ನೋವಿನ ಗುಳ್ಳೆಗಳೇಳುತ್ತವೆ, ಜ್ವರ ಬರುತ್ತದೆ, ನಾಯಿ ಮಂಕಾಗುತ್ತದೆ, ಬೆನ್ನು ಮುಟ್ಟಿದರೆ ಕಿರುಚುತ್ತದೆ. ಬೆನ್ನುಮೂಳೆಯ ನೋವೆಂದು ತಪ್ಪು ತಿಳಿಯುವುದು ಸುಲಭ. ಇಂಥ ಲಕ್ಷಣ ಕಂಡರೆ ಅದೇ ದಿನ ಪಶುವೈದ್ಯರಲ್ಲಿಗೆ ಹೋಗಿ, ಎಂದು ಮೀಯಿಸಿದಿರಿ, ಯಾವ ಶಾಂಪೂ ಹಾಕಿದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.